ಖಾಲಿ ಜಾಗ ಕಂಡ ಕೂಡಲೇ ಪಾಯ ತೆಗೆಯಬೇಡಿ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಏರ್ಪಡಿಸಿದ್ದ ಸದಸ್ಯರ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಇಪ್ಪತ್ತೈದು ವರ್ಷ ತುಂಬಿದ ಸಂತೋಷದಲ್ಲಿ ಸಂಘ ಹುಟ್ಟಿದ್ದು ಹೇಗೆ, ಬೆಳೆದದ್ದು ಹೇಗೆ ಅಂತ ಹಿರಿಯರು ಆಗಲೇ ಹೇಳಿದ್ದಾರೆ. ನಾವು ಅದನ್ನೇ ಮತ್ತೆ ಹೇಳಿ ನಿಮ್ಮ ಹೊತ್ತು ಕಳೆಯುವುದಿಲ್ಲ. ನಮಗೆ ಕೊಟ್ಟಿರುವ ವಿಷಯ ಬೇರೆ. ಖಾಲಿ ಜಾಗವೊಂದರಲ್ಲಿ ಕಟ್ಟಡ ಕಟ್ಟಬಹುದೋ ಇಲ್ಲವೋ ಅಂತ ತಿಳಿಯುವುದು ಹೇಗೆ ಅನ್ನುವುದು. ನಾವು ವಕೀಲರಲ್ಲ, ಇಂಜಿನಿಯರೂ ಅಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ನೇಗಿಲು ಹಿಡಿದವರು. ಆದರೂ ಈ ವಿಷಯ ನಮಗೇ ಯಾಕೆ ಕೊಟ್ಟರು ಅಂದರೆ, ಈ ವಿಷಯದಲ್ಲಿ ಎಡವಿ ಬೀಳುವುದರೊಳಗೆ ಕೈ ಊರಿಕೊಂಡವರು ನಾವೇ.

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಅಂತ ಗಾದೆ ಇದೆ. ನಮ್ಮ ಅನುಭವದಲ್ಲಿ ಇದಕ್ಕೆ ಇನ್ನೊಂದು ಸೇರಿಸಬೇಕು, ‘ಅದಕ್ಕೂ ಮೊದಲು ಜಾಗ ನೋಡು.’ ಆ ಕಥೆಯನ್ನೇ ಮೊದಲು ಹೇಳಿಬಿಡುತ್ತೇವೆ.

ನಿಮಗೆಲ್ಲ ಗೊತ್ತಿರುವಂತೆ ನಮ್ಮ ಸಂಘ ಇಷ್ಟು ವರ್ಷವೂ ಬಾಡಿಗೆ ಕಟ್ಟಡದಲ್ಲೇ ನಡೆಯಿತು. ಗೊಬ್ಬರದ ಮೂಟೆ ಒಂದು ಕಡೆ, ಲೆಕ್ಕದ ಪುಸ್ತಕ ಇನ್ನೊಂದು ಕಡೆ. ಮಳೆಗಾಲದಲ್ಲಿ ಹೆಂಚು ಸೋರಿ ಮೂಟೆ ಕಲ್ಲಾಗಿ ಹೋದದ್ದನ್ನು ನೀವೇ ನೋಡಿದ್ದೀರಿ. ಬೆಳ್ಳಿಹಬ್ಬದ ಹೊತ್ತಿಗಾದರೂ ಸ್ವಂತ ಗೋದಾಮು, ಮೇಲೊಂದು ಕಚೇರಿ ಆಗಬೇಕು ಅಂತ ಸಾಮಾನ್ಯ ಸಭೆಯಲ್ಲಿ ತೀರ್ಮಾನ ಆಯಿತು. ಕಟ್ಟಡ ನಿಧಿಯಲ್ಲಿ ದುಡ್ಡು ಇತ್ತು. ಅದು ಯಾರ ದುಡ್ಡು? ನಿಮ್ಮದು. ಲಾಭದಲ್ಲಿ ನಿಮಗೆ ಹಂಚಬಹುದಾಗಿದ್ದುದನ್ನು ಹಂಚದೆ ವರ್ಷ ವರ್ಷವೂ ಎತ್ತಿಟ್ಟದ್ದು.

ಜಾಗವೂ ಸಿಕ್ಕಿತು. ರಸ್ತೆ ಬದಿ, ಲಾರಿ ಸೀದಾ ಬಂದು ನಿಲ್ಲುವಂಥದ್ದು. ಪೂರ್ವ ಪಶ್ಚಿಮ ೬೦ ಅಡಿ, ಉತ್ತರ ದಕ್ಷಿಣ ೪೦ ಅಡಿ. ಬೆಲೆಯೂ ಕೈಗೆಟುಕುವ ಹಾಗಿತ್ತು. ಕೊಡುವವರು ನಮ್ಮ ಸಂಘದ ಸದಸ್ಯರೇ, ನಂಬಿಕಸ್ಥರು. ಹೆಸರು ಬೇಡ. ಪಂಚಾಯಿತಿ ಖಾತೆ ಇದೆ, ಹದಿನೈದು ವರ್ಷದ ಕಂದಾಯದ ರಸೀದಿ ಇದೆ ಅಂತ ಒಂದು ಕಟ್ಟು ತಂದು ಮುಂದಿಟ್ಟರು. ನಿರ್ದೇಶಕರೆಲ್ಲ ಹೋಗಿ ಜಾಗ ನೋಡಿದೆವು, ಹೆಜ್ಜೆ ಹಾಕಿ ಅಳೆದೆವು, ಕಾಯಿ ಒಡೆಯುವ ದಿನವನ್ನೂ ಮಾತಾಡಿಕೊಂಡೆವು. ಸೋಮವಾರ ಮುಂಗಡದ ಚೆಕ್ ಕೊಡುವುದು ಅಂತ ಆಯಿತು.

ಆಗ ನಮ್ಮ ಕಾರ್ಯದರ್ಶಿ ಒಂದು ಮಾತು ಕೇಳಿದರು. “ಅಣ್ಣ, ನಕ್ಷೆ ನೋಡಿದ್ರಾ?” ಅಂದರು. ವಯಸ್ಸಿನಲ್ಲಿ ನಮಗಿಂತ ಚಿಕ್ಕವರು. ನಿಜ ಹೇಳಬೇಕು ಅಂದರೆ ನಮಗೆ ಸಿಟ್ಟೇ ಬಂತು. “ಕಣ್ಣೆದುರಿಗೆ ಜಾಗ ಇರೋವಾಗ ನಕ್ಷೆ ಯಾಕಪ್ಪಾ? ನಾಲ್ಕು ಜನ ಹಿರಿಯರು ನೋಡಿ ಬಂದಿಲ್ವಾ?” ಅಂತ ಗದರಿದೆವು. ಅವರು ಸುಮ್ಮನಾಗಲಿಲ್ಲ. “ದುಡ್ಡು ಸದಸ್ಯರದ್ದು ಅಣ್ಣ. ನಾಳೆ ಆಡಿಟ್‌ನವರು ಕೇಳಿದರೆ ನಾನೇ ಉತ್ತರ ಕೊಡಬೇಕು” ಅಂದರು. ಆ ಮಾತಿಗೆ ನಮ್ಮಲ್ಲಿ ಉತ್ತರ ಇರಲಿಲ್ಲ. ಮೂರು ಜನ ನಿರ್ದೇಶಕರ ಉಪಸಮಿತಿ ಮಾಡಿ, ಚೆಕ್ ತಡೆದು, ಕಾಗದ ನೋಡಲು ಹೊರಟೆವು. ಹೊರಟ ಮೇಲೆಯೇ ನಮಗೆ ಎಷ್ಟು ಗೊತ್ತಿಲ್ಲ ಅನ್ನುವುದು ಗೊತ್ತಾಯಿತು.

ಮೊದಲನೆಯದಾಗಿ ತಿಳಿದದ್ದು ಇದು. ಜಾಗದ ಬಗ್ಗೆ ಕೇಳಬೇಕಾದ ಪ್ರಶ್ನೆ ಒಂದಲ್ಲ, ಎರಡು. ಒಂದು, ‘ಇದು ಯಾರದ್ದು?’ ಇನ್ನೊಂದು, ‘ಇದರಲ್ಲಿ ಕಟ್ಟಬಹುದೇ?’ ನಾವು ಹಳ್ಳಿಯವರು ಮೊದಲನೆಯದನ್ನು ಮಾತ್ರ ಕೇಳುತ್ತೇವೆ. ಜಾಗ ಅವರದ್ದೇ ಇರಬಹುದು, ಜಗಳ ಇಲ್ಲದಿರಬಹುದು, ನೋಂದಣಿಯೂ ಆಗಬಹುದು. ಆದರೂ ಅಲ್ಲಿ ಕಟ್ಟಲು ಬಾರದೆ ಇರಬಹುದು.

ಎರಡನೆಯದು, ಜಾಗ ಊರೊಳಗಿನದೋ, ಹೊಲದ್ದೋ ಅಂತ ನೋಡಬೇಕು. ಗ್ರಾಮಠಾಣಾ ಅಂತ ಗುರುತಾಗಿರುವ ಜಾಗ ಊರಿನ ವಾಸದ ಜಾಗ. ಅದರ ಹೊರಗಿನದು ಸರ್ವೆ ನಂಬರಿನ ಜಮೀನು. ಕರ್ನಾಟಕ ಭೂ ಕಂದಾಯ ಕಾಯ್ದೆ ೧೯೬೪ರ ೯೫ನೇ ಕಲಂ ಪ್ರಕಾರ ಸಾಗುವಳಿ ಜಮೀನನ್ನು ಬೇರೆ ಕೆಲಸಕ್ಕೆ ಬಳಸಬೇಕಾದರೆ ಜಿಲ್ಲಾಧಿಕಾರಿಗಳ ಅನುಮತಿ ಬೇಕು. ಅದನ್ನೇ ನಾವು ಕನ್ವರ್ಷನ್ ಅಥವಾ ಭೂ ಪರಿವರ್ತನೆ ಅನ್ನುತ್ತೇವೆ. ಅನುಮತಿ ಇಲ್ಲದೆ ಕಟ್ಟಿದರೆ ೯೬ನೇ ಕಲಂ ಪ್ರಕಾರ ದಂಡ ಹಾಕುವುದಕ್ಕೂ ಅವಕಾಶ ಇದೆ. ರೈತ ತನ್ನ ಬೇಸಾಯಕ್ಕೆ ಬೇಕಾದ ಕೊಟ್ಟಿಗೆ, ಬಾವಿ ಮಾಡಿಕೊಳ್ಳಲು ಅದೇ ಕಾಯ್ದೆಯಲ್ಲಿ ಅವಕಾಶ ಇದೆ. ಹಾಗಂತ ಕೊಟ್ಟಿಗೆಯ ಹೆಸರಿನಲ್ಲಿ ಅಂಗಡಿ ಸಾಲು ಕಟ್ಟುವ ಹಾಗಿಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ನಮ್ಮ ಊರಿನಲ್ಲಿ ಓಡಾಡುತ್ತಿದೆ. ೨೦೨೦ರಲ್ಲಿ ಭೂ ಸುಧಾರಣೆ ಕಾಯ್ದೆಗೆ ತಿದ್ದುಪಡಿ ಬಂದು ೭೯ಎ ಮತ್ತು ೭೯ಬಿ ಕಲಂಗಳನ್ನು ತೆಗೆದುಹಾಕಿದರು. ಬೇಸಾಯಗಾರರಲ್ಲದವರೂ ಜಮೀನು ಕೊಳ್ಳಬಹುದು ಅಂತ ಆಯಿತು. ಅದನ್ನು ಕೇಳಿ ಕೆಲವರು ‘ಇನ್ನು ಕನ್ವರ್ಷನ್ನೇ ಬೇಕಾಗಿಲ್ಲ’ ಅಂತ ತಿಳಿದುಕೊಂಡಿದ್ದಾರೆ. ಸ್ವಾಮಿ, ಕೊಳ್ಳುವುದು ಬೇರೆ, ಕಟ್ಟುವುದು ಬೇರೆ. ಯಾರು ಕೊಳ್ಳಬಹುದು ಅನ್ನುವ ಕಾನೂನು ಬದಲಾಗಿದೆ. ಜಮೀನಿನಲ್ಲಿ ಏನು ಮಾಡಬಹುದು ಅನ್ನುವ ೯೫ನೇ ಕಲಂ ಆ ತಿದ್ದುಪಡಿಯಿಂದ ಹೋಗಿಲ್ಲ.

ನಾವು ನೋಡಿದ್ದ ಜಾಗ ಸರ್ವೆ ನಂಬರಿನದೇ. ಅವರ ತಂದೆಯವರ ಕಾಲದಲ್ಲಿ ಕನ್ವರ್ಷನ್ ಆಗಿತ್ತು. ಆದೇಶದ ಪ್ರತಿ ಸಿಕ್ಕಿತು. ‘ಅಬ್ಬಾ, ಗೆದ್ದೆವು’ ಅಂದುಕೊಂಡೆವು. ಆದರೆ ಎಷ್ಟು ಜಾಗಕ್ಕೆ, ಯಾವ ಕಡೆಯ ಜಾಗಕ್ಕೆ ಅಂತ ನಾವು ಆವತ್ತು ನೋಡಲಿಲ್ಲ. ಆದೇಶದ ಮೊದಲ ಹಾಳೆ ಓದಿ ಹಿಂದಿನ ನಕ್ಷೆ ಬಿಟ್ಟೆವು. ಇದು ನಮ್ಮ ತಪ್ಪು.

ಮೂರನೆಯದು ಪಹಣಿ. ಪಹಣಿ ಅಂದರೆ ಹೆಸರು ಇರುವ ಜಾಗ ನೋಡಿ ಮಡಚಿಡುವ ಕಾಗದ ಅಂತ ನಾವು ತಿಳಿದಿದ್ದೆವು. ಒಂಬತ್ತನೇ ಕಾಲಂನಲ್ಲಿ ಖಾತೆದಾರರ ಹೆಸರು ಇರುತ್ತದೆ, ಸರಿ. ಹತ್ತನೇ ಕಾಲಂನಲ್ಲಿ ಅದು ಅವರಿಗೆ ಹೇಗೆ ಬಂತು ಅನ್ನುವುದು ಇರುತ್ತದೆ. ಹನ್ನೊಂದನೇ ಕಾಲಂನಲ್ಲಿ ಹಕ್ಕು ಮತ್ತು ಋಣ, ಅಂದರೆ ನಮ್ಮಂಥ ಸಂಘದಲ್ಲೋ ಬ್ಯಾಂಕಿನಲ್ಲೋ ತೆಗೆದ ಸಾಲ ಇರುತ್ತದೆ. ಎಲ್ಲಕ್ಕಿಂತ ಮುಖ್ಯ ಮೂರನೇ ಕಾಲಂ. ಒಟ್ಟು ವಿಸ್ತೀರ್ಣ ಎಷ್ಟು, ಅದರಲ್ಲಿ ಖರಾಬು ಎಷ್ಟು ಅಂತ ಅಲ್ಲಿ ಬರೆದಿರುತ್ತದೆ.

ಖರಾಬಿನಲ್ಲಿ ‘ಅ’ ಮತ್ತು ‘ಬ’ ಅಂತ ಎರಡು. ‘ಅ’ ಖರಾಬು ಅಂದರೆ ಬಂಡೆ, ಕಣ, ಬೇಸಾಯಕ್ಕೆ ಬಾರದ ಜಾಗ. ‘ಬ’ ಖರಾಬು ಅಂದರೆ ಸಾರ್ವಜನಿಕರದ್ದು. ಬಂಡಿದಾರಿ, ಹಳ್ಳ, ಕಟ್ಟೆ, ಸ್ಮಶಾನ ಇಂಥವು. ಅದು ನಮ್ಮ ಸರ್ವೆ ನಂಬರಿನ ಒಳಗೇ ಇದ್ದರೂ ನಮ್ಮದಲ್ಲ. ಮಾರುವ ಹಾಗಿಲ್ಲ, ಕಟ್ಟುವ ಹಾಗಿಲ್ಲ. ನಮ್ಮ ಜಾಗದ ಹಳೇ ಪಹಣಿ ತೆಗೆಸಿದಾಗ ಆ ನಂಬರಿನಲ್ಲಿ ‘ಬ’ ಖರಾಬು ಇರುವುದು ಕಂಡಿತು. ಅದು ಎಲ್ಲಿದೆ ಅಂತ ಪಹಣಿ ಹೇಳುವುದಿಲ್ಲ. ನಕ್ಷೆ ಹೇಳಬೇಕು.

ನಾಲ್ಕನೆಯದು ಪಂಚಾಯಿತಿ ಕಾಗದ. ಕಂದಾಯ ಕಟ್ಟಿದ ರಸೀದಿ ಹಕ್ಕುಪತ್ರ ಅಲ್ಲ. ಈಗ ಇ-ಸ್ವತ್ತು ತಂತ್ರಾಂಶದಲ್ಲಿ ನಮೂನೆ ೯ ಮತ್ತು ನಮೂನೆ ೧೧ ಬರುತ್ತವೆ. ೯ ಮತ್ತು ೧೧ಎ ಒಂದು ಬಗೆ. ೧೧ಬಿ ಇನ್ನೊಂದು ಬಗೆ. ೧೧ಬಿ ಅಂದರೆ ಕನ್ವರ್ಷನ್, ನಕ್ಷೆ ಮಂಜೂರಾತಿ ಇಂಥವು ಸರಿಯಾಗಿ ಆಗದ ಸ್ವತ್ತು ಅಂತ ತಿಳಿಯಬೇಕು. ‘ಯಾವುದೋ ಒಂದು ಹನ್ನೊಂದು ಇದೆಯಲ್ಲಾ’ ಅಂತ ಕೊಂಡು ಆಮೇಲೆ ಬ್ಯಾಂಕಿನ ಬಾಗಿಲಲ್ಲಿ ನಿಂತವರು ನಮ್ಮ ಸುತ್ತಮುತ್ತಲೇ ಇದ್ದಾರೆ. ನಿಯಮಗಳು ಆಗಾಗ ಬದಲಾಗುತ್ತವೆ. ಆದ್ದರಿಂದ ಪಿ.ಡಿ.ಒ. ಅವರ ಹತ್ತಿರ ಬಾಯಿಮಾತಿನಲ್ಲಿ ಕೇಳಿ ಬರಬೇಡಿ. ಅರ್ಜಿ ಬರೆದು, ಉತ್ತರವನ್ನೂ ಬರಹದಲ್ಲೇ ಪಡೆಯಿರಿ.

ಐದನೆಯದು ಋಣಭಾರ ಪತ್ರ, ನಾವು ಇ.ಸಿ. ಅನ್ನುವುದು. ೨೦೦೪ರ ಏಪ್ರಿಲ್‌ನಿಂದ ಈಚಿನದು ಕಂಪ್ಯೂಟರಿನಲ್ಲೇ ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ಉಪ ನೋಂದಣಿ ಕಚೇರಿಯ ಹಳೇ ಪುಸ್ತಕ ತೆಗೆಸಬೇಕು. ವ್ಯವಹಾರ ನಡೆದಿದ್ದರೆ ನಮೂನೆ ೧೫, ಏನೂ ಇಲ್ಲದಿದ್ದರೆ ನಮೂನೆ ೧೬. ಆದರೆ ೧೬ ಬಂತು ಅಂತ ಹಿಗ್ಗಬಾರದು. ನೋಂದಣಿ ಆಗದ ಕರಾರು, ಮನೆಯೊಳಗೆ ಬಾಯಿಮಾತಿನಲ್ಲಿ ಆದ ಪಾಲು, ಇವು ಇ.ಸಿ.ಯಲ್ಲಿ ಬರುವುದಿಲ್ಲ. ಹೆಣ್ಣುಮಕ್ಕಳ ಪಾಲನ್ನಂತೂ ಮರೆಯಲೇಬಾರದು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ೨೦೦೫ರಲ್ಲಿ ಆದ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ‘ಅಕ್ಕ ಏನೂ ಅನ್ನಲ್ಲ ಬಿಡಿ’ ಅನ್ನುವ ಮಾತಿನ ಮೇಲೆ ಪಾಯ ತೆಗೆಯಬೇಡಿ. ಅಕ್ಕನ ಸಹಿ ಇರಲಿ.

ಹಾಗೆಯೇ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಆಗಿದ್ದರೆ ೧೯೭೮ರ ಕಾಯ್ದೆ ಇದೆ. ಸರ್ಕಾರದ ಅನುಮತಿ ಇಲ್ಲದೆ ಅದನ್ನು ಕೊಂಡರೆ ಆ ಕ್ರಯವೇ ನಿಲ್ಲುವುದಿಲ್ಲ. ೨೦೨೩ರ ತಿದ್ದುಪಡಿಯಲ್ಲಿ ಇದಕ್ಕೆ ಕಾಲಮಿತಿ ಇಲ್ಲ ಅಂತಲೂ ಸೇರಿಸಿದ್ದಾರೆ. ಆ ಕಾಯ್ದೆ ಬಡವರ ಭೂಮಿ ಉಳಿಯಲಿ ಅಂತ ಮಾಡಿದ್ದು. ಕೊಳ್ಳುವವರು ಅದನ್ನು ಗೌರವಿಸಬೇಕು. ಮೂಲ ಮಂಜೂರಾತಿ ಯಾರಿಗೆ ಆಗಿತ್ತು ಅಂತ ತಾಲ್ಲೂಕು ಕಚೇರಿಯಲ್ಲಿ ನೋಡದೆ ಮುಂದಕ್ಕೆ ಹೋಗಬಾರದು.

ಇಷ್ಟೆಲ್ಲ ಆಗುವ ಹೊತ್ತಿಗೆ ಮೂರು ವಾರ ಕಳೆದಿತ್ತು. ಮಾರುವವರಿಗೆ ಬೇಸರ. “ನನ್ನ ಮೇಲೆ ಇಷ್ಟೂ ನಂಬಿಕೆ ಇಲ್ವಾ?” ಅಂತ ಸಂಘದ ಜಗಲಿ ಮೇಲೆ ನಿಂತು ಕೇಳಿದರು. ಅವರಿಗೆ ಮಗಳ ಮದುವೆ ಹತ್ತಿರ ಬಂದಿತ್ತು. ನಮಗೂ ನಾಚಿಕೆ ಆಯಿತು. ಇಷ್ಟು ಸಾಕು, ಚೆಕ್ ಕೊಟ್ಟುಬಿಡೋಣ ಅಂತ ಉಪಸಮಿತಿಯ ಮೂರರಲ್ಲಿ ಇಬ್ಬರು ಅಂದೆವು. ಆ ಇಬ್ಬರಲ್ಲಿ ಈಗ ಮಾತಾಡುತ್ತಿರುವವರೂ ಸೇರಿದ್ದೇವೆ.

ನಕ್ಷೆ ಬಂದದ್ದು ಆ ವಾರವೇ. ಗ್ರಾಮ ನಕ್ಷೆ, ಸರ್ವೆ ನಂಬರಿನ ಟಿಪ್ಪಣಿ, ಕನ್ವರ್ಷನ್ ಆದೇಶದ ಹಿಂದಿನ ನಕ್ಷೆ, ಮೂರನ್ನೂ ಪಕ್ಕಪಕ್ಕ ಹಾಸಿ ನೋಡಿದೆವು. ಜೊತೆಗೆ ಅವರ ತಂದೆಯ ಕಾಲದ ಕ್ರಯಪತ್ರವನ್ನೂ ಓದಿದೆವು. ಕ್ರಯಪತ್ರದ ಚಕ್ಕುಬಂದಿಯಲ್ಲಿ ‘ಪೂರ್ವಕ್ಕೆ ಹಳ್ಳ’ ಅಂತ ಇತ್ತು. ಪಂಚಾಯಿತಿ ಖಾತೆಯಲ್ಲಿ ‘ಪೂರ್ವಕ್ಕೆ ಖಾಲಿ ಜಾಗ’ ಅಂತ ಇತ್ತು. ಹಳ್ಳ ಹೋಗಿ ಖಾಲಿ ಜಾಗ ಆದದ್ದು ಯಾವಾಗ?

ಉತ್ತರ ಯಾವ ಕಚೇರಿಯಲ್ಲೂ ಸಿಗಲಿಲ್ಲ. ಊರಿನಲ್ಲೇ ಸಿಕ್ಕಿತು. ಎಂಬತ್ತು ದಾಟಿದ ತಾತ ಒಬ್ಬರು, ದನ ಮೇಯಿಸಿ ಜೀವನ ಕಳೆದವರು, ಹೇಳಿದರು. “ಅಯ್ಯೋ, ಅಲ್ಲಿ ನಾವು ದನ ಕುಡಿಸ್ತಿದ್ವಿ ಕಣಪ್ಪಾ. ರಸ್ತೆ ಅಗಲ ಮಾಡಿದಾಗ ಮಣ್ಣೆಲ್ಲಾ ತಂದು ಅಲ್ಲೇ ಸುರಿದ್ರು. ಆಮೇಲೆ ಮಟ್ಟ ಆಗೋಯ್ತು. ಮೋರಿ ಇನ್ನೂ ಐತಲ್ಲಾ, ನೋಡಿಲ್ವಾ?”

ಮೋರಿ! ದಿನಾ ಅದರ ಮೇಲೇ ಸೈಕಲ್, ಮೋಟಾರ್ ಬೈಕು, ಟ್ರ್ಯಾಕ್ಟರ್ ಓಡಿಸಿದವರು ನಾವು. ರಸ್ತೆ ಕೆಳಗೆ ಮೋರಿ ಸುಮ್ಮನೆ ಇಡುತ್ತಾರೆಯೇ? ಆ ಕಡೆಯಿಂದ ನೀರು ಬರುತ್ತದೆ, ಈ ಕಡೆಗೆ ಹೋಗಬೇಕು ಅಂತಲೇ ಇಟ್ಟಿರುವುದು. ಆ ಮೋರಿಯ ಬಾಯಿ ಸೀದಾ ನಾವು ಗೋದಾಮು ಕಟ್ಟಬೇಕು ಅಂದುಕೊಂಡಿದ್ದ ಜಾಗಕ್ಕೆ ತೆರೆದಿತ್ತು. ಕಣ್ಣಿದ್ದೂ ನಾವು ನೋಡಿರಲಿಲ್ಲ.

ಸರ್ವೆಗೆ ಅರ್ಜಿ ಹಾಕಿದೆವು. ಮೋಜಣಿದಾರರು ಬಂದು, ಅಕ್ಕಪಕ್ಕದವರಿಗೆ ನೋಟಿಸು ಕೊಟ್ಟು, ಸರಪಳಿ ಹಿಡಿದು ಅಳೆದರು. ೬೦ ಅಡಿಯಲ್ಲಿ ಪೂರ್ವದ ೨೨ ಅಡಿ ಹಳ್ಳದ ‘ಬ’ ಖರಾಬು ಅಂತ ಬಂತು. ಉಳಿದದ್ದು ೩೮ ಅಡಿ. ನಮ್ಮ ಗೋದಾಮಿನ ನಕ್ಷೆಯೇ ೫೦ ಅಡಿ ಉದ್ದ. ಕಾಗದದ ಮೇಲೆ ೨,೪೦೦ ಚದರಡಿ ಇದ್ದ ಜಾಗ ನೆಲದ ಮೇಲೆ ೧,೫೨೦ ಚದರಡಿ ಆಯಿತು. ಒಂದು ಗುಂಟೆ ಅಂದರೆ ೧,೦೮೯ ಚದರಡಿ. ಮುಕ್ಕಾಲು ಗುಂಟೆಗೂ ಮೀರಿದ ಜಾಗಕ್ಕೆ ನಿಮ್ಮ ದುಡ್ಡು ಕೊಟ್ಟು ಹಳ್ಳ ಕೊಳ್ಳುವವರಿದ್ದೆವು. ಕೊಂಡಿದ್ದರೆ ದುಡ್ಡು ಮಾತ್ರ ಹೋಗುತ್ತಿರಲಿಲ್ಲ. ಒಂದು ದೊಡ್ಡ ಮಳೆಗೆ ನೀರು ತನ್ನ ಹಳೇ ದಾರಿ ಹುಡುಕಿಕೊಂಡು ಬರುತ್ತಿತ್ತು, ನಿಮ್ಮ ಗೊಬ್ಬರ, ಬಿತ್ತನೆ ಬೀಜದ ಮೂಟೆಗಳ ನಡುವೆಯೇ ಹರಿಯುತ್ತಿತ್ತು.

ಕಾಗದ ಸರಿ ಇದ್ದರೂ ನೆಲ ನೋಡಬೇಕಾದದ್ದು ಇನ್ನೂ ಕೆಲವು ಇವೆ. ನಾವು ಕಲಿತದ್ದನ್ನು ಹೇಳುತ್ತೇವೆ.

ಜಾಗಕ್ಕೆ ಹೋಗುವ ದಾರಿ ನಕ್ಷೆಯಲ್ಲಿ ಇದೆಯೋ, ಪಕ್ಕದವರ ದಯೆಯಲ್ಲಿ ಇದೆಯೋ ನೋಡಿ. ಇವತ್ತು ಬಿಟ್ಟವರು ನಾಳೆ ಬೇಲಿ ಹಾಕಬಹುದು.

ತಲೆ ಎತ್ತಿ ವಿದ್ಯುತ್ ತಂತಿ ನೋಡಿ. ೧೧ ಸಾವಿರ ವೋಲ್ಟಿನ ತಂತಿ ಇದ್ದರೆ ಕಟ್ಟಡ ಪಕ್ಕದಲ್ಲಿ ಕನಿಷ್ಠ ೧.೨ ಮೀಟರು, ಮೇಲುಗಡೆ ೩.೭ ಮೀಟರು ದೂರ ಇರಬೇಕು. ದೊಡ್ಡ ಲೈನಾದರೆ ಇನ್ನೂ ಹೆಚ್ಚು. ಒಂದಂತಸ್ತು ಕಟ್ಟುವಾಗ ದೂರ ಕಂಡ ತಂತಿ, ಮೇಲೊಂದು ಅಂತಸ್ತು ಎತ್ತಿದಾಗ ಕೈಗೆ ಸಿಗುತ್ತದೆ.

ಹೆದ್ದಾರಿ ಪಕ್ಕ ಆದರೆ ರಸ್ತೆಯ ನಡುವಿನಿಂದ ಇಷ್ಟು ದೂರ ಕಟ್ಟಬಾರದು ಅಂತ ಗೆರೆ ಇರುತ್ತದೆ. ಕೆರೆ, ರಾಜಕಾಲುವೆ ಪಕ್ಕವೂ ಅಷ್ಟೇ. ಎಷ್ಟು ಬಿಡಬೇಕು ಅಂತ ಸಂಬಂಧಪಟ್ಟ ಇಲಾಖೆಯಲ್ಲಿ ಕೇಳಿ ಬರೆಸಿಕೊಳ್ಳಿ. ಪಟ್ಟಣ ಹತ್ತಿರ ಇದ್ದು ಯೋಜನಾ ಪ್ರಾಧಿಕಾರದ ವ್ಯಾಪ್ತಿಗೆ ಬಂದಿದ್ದರೆ, ಆ ಜಾಗ ವಾಸಕ್ಕೋ, ಹಸಿರು ವಲಯಕ್ಕೋ ಅಂತ ಅಲ್ಲಿಯೂ ವಿಚಾರಿಸಬೇಕು.

ಮಣ್ಣು ನೋಡಿ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ಕೆಂಪುಮಣ್ಣಿನ ಹಾಗೆ ಪಾಯ ಹಾಕಿದರೆ ಗೋಡೆ ಸೀಳುತ್ತದೆ. ತುಂಬಿಸಿದ ಮಣ್ಣು ಆದರೆ ಕೂರುತ್ತದೆ. ಆಳುದ್ದ ಗುಂಡಿ ತೆಗೆಸಿ ನೋಡಿ. ಗುಂಡಿಯಲ್ಲಿ ಇಟ್ಟಿಗೆ ಚೂರು, ಪ್ಲಾಸ್ಟಿಕ್ಕು, ಬೇರೆ ಬೇರೆ ಬಣ್ಣದ ಮಣ್ಣು ಸಿಕ್ಕಿದರೆ ಅದು ಹುಟ್ಟುನೆಲ ಅಲ್ಲ ಅಂತ ತಿಳಿಯಿರಿ. ಜಾಗವನ್ನು ಬೇಸಿಗೆಯಲ್ಲಿ ಮಾತ್ರ ನೋಡಬೇಡಿ, ಮಳೆ ಬಂದ ಮಾರನೇ ದಿನವೂ ಹೋಗಿ ನೋಡಿ.

ಈಗ ಮೊಬೈಲಿನಲ್ಲಿ ದಿಶಾಂಕ್ ಅಂತ ಒಂದು ಆ್ಯಪ್ ಇದೆ. ಜಾಗದಲ್ಲಿ ನಿಂತರೆ ಯಾವ ಸರ್ವೆ ನಂಬರು ಅಂತ ತೋರಿಸುತ್ತದೆ. ನಮ್ಮ ಮಕ್ಕಳು ನಿಮಿಷದಲ್ಲಿ ತೆಗೆದುಕೊಡುತ್ತಾರೆ. ಮೊದಲ ಅನುಮಾನಕ್ಕೆ ಅದು ಸಾಕು, ಕೊನೆಯ ತೀರ್ಮಾನಕ್ಕೆ ಸಾಲದು. ತೀರ್ಮಾನಕ್ಕೆ ಸರ್ವೆಯೇ ಆಗಬೇಕು. ಸರ್ವೆ ನಂಬರಿನಲ್ಲಿ ಒಂದು ಭಾಗ ಮಾತ್ರ ಕೊಳ್ಳುವುದಾದರೆ ೧೧ಇ ನಕ್ಷೆ ಇಲ್ಲದೆ ಮುಂದುವರಿಯಬೇಡಿ.

ಕೊನೆಯದಾಗಿ, ಎಲ್ಲ ಸರಿ ಇದ್ದರೂ ಪರವಾನಗಿ ಬೇಕು. ೧೯೯೩ರ ಪಂಚಾಯತ್ ರಾಜ್ ಕಾಯ್ದೆಯ ೬೪ನೇ ಕಲಂ ಪ್ರಕಾರ ಗ್ರಾಮ ಪಂಚಾಯಿತಿಯ ಅನುಮತಿ ಇಲ್ಲದೆ ಕಟ್ಟಡ ಕಟ್ಟುವ ಹಾಗಿಲ್ಲ. ‘ನಮ್ಮ ಜಾಗದಲ್ಲಿ ನಾವು ಕಟ್ಟೋಕೆ ಯಾರ ಅಪ್ಪಣೆ?’ ಅನ್ನುವ ಮಾತು ಜಗಲಿಯಲ್ಲಿ ಚೆನ್ನಾಗಿರುತ್ತದೆ, ಕಚೇರಿಯಲ್ಲಿ ನಡೆಯುವುದಿಲ್ಲ.

ಸರಿ, ಆ ಜಾಗ ಏನಾಯಿತು ಅಂತ ನೀವು ಕೇಳುತ್ತೀರಿ. ನಾವು ಕೊಳ್ಳಲಿಲ್ಲ. ಸರ್ವೆ ನಕ್ಷೆಯನ್ನು ಮಾರುವವರ ಮುಂದೆ ಇಟ್ಟು ಕೈಮುಗಿದೆವು. ಅವರು ಮೋಸ ಮಾಡಿದವರಲ್ಲ. ಅಪ್ಪ ತೋರಿಸಿದ ಬದುವನ್ನು ನಂಬಿದವರು, ಅಷ್ಟೇ. ತಮ್ಮ ಜಾಗ ಇಷ್ಟೇ ಅಂತ ಅವರಿಗೂ ಆವತ್ತೇ ಗೊತ್ತಾದದ್ದು. ಮದುವೆಗೆ ಅವರು ಬೇರೆ ಕಡೆ ಸಾಲ ಮಾಡಿದರು. ನಾವು ಮದುವೆಗೆ ಹೋದೆವು, ಊಟ ಮಾಡಿದೆವು. ಆದರೆ ಮೊದಲಿನ ಹಾಗೆ ಅವರು ನಮ್ಮ ಜೊತೆ ಕೂತು ಕಾಫಿ ಕುಡಿಯಲು ಒಂದು ವರ್ಷವೇ ಬೇಕಾಯಿತು. ಇದನ್ನು ಯಾಕೆ ಹೇಳುತ್ತಿದ್ದೇವೆ ಅಂದರೆ, ಕಾಗದ ಕೇಳುವುದು ಸುಲಭ ಅಲ್ಲ. ಹಳ್ಳಿಯಲ್ಲಿ ಕಾಗದ ಕೇಳಿದರೆ ಮರ್ಯಾದೆ ಕೇಳಿದ ಹಾಗೆ ಅಂತ ತಿಳಿಯುತ್ತಾರೆ. ಆದರೆ ಕೇಳದೆ ಇದ್ದಿದ್ದರೆ ಏನಾಗುತ್ತಿತ್ತು? ಅವರು ಸದಸ್ಯರ ದುಡ್ಡು ತಿಂದವರು ಅನ್ನಿಸಿಕೊಳ್ಳುತ್ತಿದ್ದರು. ನಾವು ಹಾಳು ಮಾಡಿದವರು ಅನ್ನಿಸಿಕೊಳ್ಳುತ್ತಿದ್ದೆವು. ಎರಡು ಮನೆಯ ಮಕ್ಕಳೂ ಕೋರ್ಟಿಗೆ ಅಲೆಯುತ್ತಿದ್ದರು. ಆ ಒಂದು ವರ್ಷದ ಬೇಸರ ಅದಕ್ಕಿಂತ ಅಗ್ಗ.

ಆಮೇಲೆ ಸಂಘ ಊರೊಳಗೆ, ಗ್ರಾಮಠಾಣಾ ವ್ಯಾಪ್ತಿಯಲ್ಲಿ, ಸ್ವಲ್ಪ ಒಳಗಾದರೂ ಅಳತೆ ಸರಿ ಇರುವ ಜಾಗ ತೆಗೆದುಕೊಂಡಿತು. ಲಾರಿ ತಿರುಗಿಸಲು ಡ್ರೈವರು ಗೊಣಗುತ್ತಾರೆ, ನಿಜ. ಆದರೆ ಹೋದ ಮಳೆಗಾಲದಲ್ಲಿ ರಸ್ತೆ ಬದಿಯ ಆ ಮೋರಿಯಿಂದ ನೀರು ಬಂದು ಹಳೇ ಜಾಗದ ಪೂರ್ವದ ಭಾಗದಲ್ಲಿ ಮೊಣಕಾಲುದ್ದ ನಿಂತಿತ್ತು. ಆವತ್ತು ನಾವು ಕಾರ್ಯದರ್ಶಿಯವರನ್ನು ಕರೆದುಕೊಂಡು ಹೋಗಿ ತೋರಿಸಿ, “ಆವತ್ತು ಗದರಿದ್ದು ತಪ್ಪಾಯ್ತು ಕಣಪ್ಪಾ” ಅಂದೆವು. ಅವರು ನಕ್ಕು, “ಬಿಡಿ ಅಣ್ಣ, ಸರ್ವೆ ಫೀಸಿನ ರಸೀದಿ ಫೈಲಿನಲ್ಲಿ ಇದೆ” ಅಂದರು.

ಆದ್ದರಿಂದ ಸದಸ್ಯ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ. ಮನೆ ಕಟ್ಟುವವರು, ಮಕ್ಕಳಿಗೆ ಸೈಟು ಕೊಳ್ಳುವವರು, ಮುಂಗಡ ಕೊಡುವ ಮೊದಲು ಪಹಣಿ, ಪಂಚಾಯಿತಿ ನಮೂನೆ, ಇ.ಸಿ., ಹಳೇ ಕ್ರಯಪತ್ರದ ಚಕ್ಕುಬಂದಿ, ನಕ್ಷೆ, ಈ ಐದನ್ನೂ ಸಂಘಕ್ಕೆ ತನ್ನಿ. ಕೂತು ಓದೋಣ. ಗೊತ್ತಾಗದಿದ್ದರೆ ವಕೀಲರನ್ನು ಕೇಳೋಣ. ಆಮೇಲೆ ಸರ್ವೆ ಮಾಡಿಸಿ, ಊರಿನ ಹಿರಿಯರೊಬ್ಬರನ್ನು ಜಾಗಕ್ಕೆ ಕರೆದುಕೊಂಡು ಹೋಗಿ ‘ಮೊದಲು ಇಲ್ಲಿ ಏನಿತ್ತು ತಾತ?’ ಅಂತ ಕೇಳಿ. ಬೀಜ ಕೊಳ್ಳುವಾಗ ಮೊಳಕೆ ಪರೀಕ್ಷೆ ಮಾಡುವ ನಾವು, ಎತ್ತು ಕೊಳ್ಳುವಾಗ ಹಲ್ಲು ಎಣಿಸುವ ನಾವು, ಜೀವಮಾನದ ದುಡ್ಡು ಹಾಕುವ ಜಾಗವನ್ನು ಹೆಜ್ಜೆ ಹಾಕಿ ಅಳೆದು ಸುಮ್ಮನಾಗಬಾರದು.

 

ಜೈ ಸಹಕಾರ. ಜೈ ಕರ್ನಾಟಕ.